ತಟ್ಟೆಯ ಪಕ್ಕಕ್ಕೆ ಯಾವ ಮಡಚುವ ಚಾಕು?

ಒಂದು ಸೇಬು, ಮನೆಯಲ್ಲೇ ಮಾಡಿದ ಬ್ರೆಡ್ಡಿನ ಎರಡು ತುಂಡು, ಒಂದಿಷ್ಟು ಚೀಸ್, ಅರ್ಧ ಸೌತೆಕಾಯಿ. ಇಷ್ಟಕ್ಕೆ ಅಡುಗೆಮನೆಯ ದೊಡ್ಡ ಚಾಕು ಬೇಕಿಲ್ಲ. ಜೇಬಿನಿಂದ ಹಳೇ ಕಾಲದ ಮಡಚುವ ಚಾಕು ತೆಗೆದು, ಉಗುರಲ್ಲಿ ಅಲಗು ಬಿಡಿಸಿ, ಮರದ ಹಲಗೆಯ ಮೇಲೆ ನಿಧಾನವಾಗಿ ಹೋಳು ಮಾಡುತ್ತಾ ತಿನ್ನುವುದರಲ್ಲಿ ಬೇರೆಯೇ ಒಂದು ಸುಖವಿದೆ. ಊಟವೂ ತನ್ನಷ್ಟಕ್ಕೆ ನಿಧಾನವಾಗುತ್ತದೆ. ಒಂದು ಹೋಳು ಕತ್ತರಿಸಿ, ತಿಂದು, ಆಮೇಲೆ ಇನ್ನೊಂದು.

ಆದರೆ ಮಡಚುವ ಚಾಕು ಕೊಳ್ಳುವವರು ಸಾಮಾನ್ಯವಾಗಿ ನೋಡುವುದೇ ಬೇರೆ. ಹಿಡಿ ಚೆನ್ನಾಗಿದೆಯಾ, ಸ್ಪ್ರಿಂಗ್ ಟಕ್ ಅಂತ ಸದ್ದು ಮಾಡುತ್ತಾ, ಹಗ್ಗ ಕತ್ತರಿಸುತ್ತಾ, ರಟ್ಟಿನ ಡಬ್ಬ ಸೀಳುತ್ತಾ. ಇದರಲ್ಲೆಲ್ಲ ಪಾಸಾದ ಚಾಕು ಸೇಬಿನ ಮುಂದೆ ಫೇಲಾಗಬಹುದು. ಊಟಕ್ಕೆಂದೇ ಆರಿಸುವುದಾದರೆ ನನ್ನ ಪ್ರಕಾರ ಎರಡೇ ಪ್ರಶ್ನೆ: ಅಲಗು ಎಷ್ಟು ತೆಳು? ತಿಂದಾದ ಮೇಲೆ ನೀವು ಅದನ್ನು ಒರೆಸುವ ಜನವೋ, ಮರೆಯುವ ಜನವೋ? ಹೆಸರು, ಹಿಡಿಯ ಅಂದ, ಕಂಪನಿಯ ಚರಿತ್ರೆ ಎಲ್ಲ ಆಮೇಲೆ.

ಮೊದಲು ಬೆನ್ನು ನೋಡಿ

ಎಲ್ಲರೂ ಚಾಕುವಿನ ಬಾಯಿ ನೋಡುತ್ತಾರೆ. ನೀವು ಬೆನ್ನು ನೋಡಿ. ಅಲಗಿನ ಬೆನ್ನು ಮೂರು ಮಿಲಿಮೀಟರ್ ದಪ್ಪ ಇದ್ದು, ಅಲ್ಲಿಂದ ಬಾಯಿಯವರೆಗೆ ಸರಿಯಾಗಿ ತೆಳುವಾಗದಿದ್ದರೆ, ಅದು ಎಷ್ಟೇ ಹರಿತವಿರಲಿ, ಸೇಬಿನೊಳಗೆ ಅರ್ಧ ಹೋದ ಮೇಲೆ ಬೆಣೆ ಥರ ಕೆಲಸ ಮಾಡುತ್ತದೆ. ಕತ್ತರಿಸುವುದಿಲ್ಲ, ಸೀಳುತ್ತದೆ. 'ಚಟ್' ಅಂತ ಸದ್ದು ಬಂದು ಸೇಬು ಎರಡು ಹೋಳಾಗುತ್ತದೆ, ಒಂದು ಹೋಳು ನೆಲಕ್ಕೆ. ಕ್ಯಾರೆಟ್ಟಿನಲ್ಲಿ ಇದು ಇನ್ನೂ ಜಾಸ್ತಿ. ಗಟ್ಟಿ ಚೀಸ್ ಬಿಲ್ಲೆಯಾಗುವ ಬದಲು ಪುಡಿಪುಡಿಯಾಗುತ್ತದೆ.

ಎರಡು ಮಿಲಿಮೀಟರಿನ ಒಳಗಿನ ಬೆನ್ನು, ಅಲ್ಲಿಂದ ಬಾಯಿಯವರೆಗೂ ಸಮನಾಗಿ ಇಳಿದ ಅಲಗು. ಊಟದ ಚಾಕುವಿಗೆ ಇದು ಚಿನ್ನದಂಥ ಗುಣ. ಹಳೇ ಮಾದರಿಯ ಚಾಕುಗಳು ಈ ವಿಷಯದಲ್ಲಿ ಹೊಸಕಾಲದ ದಪ್ಪ ಅಲಗಿನ ಚಾಕುಗಳಿಗಿಂತ ಮುಂದಿವೆ. ಕಾರಣ ಸುಲಭ. ಅವು ಹುಟ್ಟಿದ್ದೇ ಹೊಲದಲ್ಲಿ ದುಡಿಯುವವರ, ಕುರಿ ಕಾಯುವವರ ಜೇಬಿಗೆ. ಅವರ ಬುತ್ತಿಯನ್ನೂ ಅದೇ ಚಾಕು ಕತ್ತರಿಸಬೇಕಿತ್ತು.

ಉದ್ದದ ಲೆಕ್ಕವೂ ಇದೆ. ಸಾಧಾರಣ ಸೇಬಿನ ಅಡ್ಡಳತೆ ಏಳರಿಂದ ಎಂಟು ಸೆಂಟಿಮೀಟರ್. ಅಲಗು ಅದಕ್ಕಿಂತ ಗಿಡ್ಡ ಇದ್ದರೆ ಒಂದೇ ಸಲಕ್ಕೆ ಹೋಳಾಗುವುದಿಲ್ಲ, ಸುತ್ತ ತಿರುಗಿಸಿ ಕೊಯ್ಯಬೇಕು. ಅದೇನೂ ಕಷ್ಟದ ಕೆಲಸವಲ್ಲ. ಆದರೆ ಟೊಮೆಟೊ ಅಥವಾ ಬ್ರೆಡ್ ವಿಷಯಕ್ಕೆ ಬಂದಾಗ ಒಂದೆರಡು ಸೆಂಟಿಮೀಟರ್ ಜಾಸ್ತಿ ಇದ್ದರೆ ಬಹಳ ಅನುಕೂಲ. ಎಂಟೂವರೆಯಿಂದ ಹತ್ತು ಸೆಂಟಿಮೀಟರ್ ನನಗೆ ಹಿತವಾದ ಅಳತೆ. ಅದಕ್ಕಿಂತ ಉದ್ದವಾದರೆ ಜೇಬಿನಲ್ಲಿ ಕುಳಿತುಕೊಳ್ಳುವಾಗ ಚುಚ್ಚುತ್ತದೆ.

ಇನ್ನೊಂದು ಸಂಗತಿ ಕೊಂಡ ಮೇಲೆಯೇ ತಿಳಿಯುವುದು. ಮಡಚುವ ಚಾಕುವಿನಲ್ಲಿ ಅಲಗು ಮತ್ತು ಹಿಡಿ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿರುತ್ತವೆ. ಹಲಗೆಯ ಮೇಲೆ ಒತ್ತಿ ಕೊಯ್ಯುವಾಗ ಬೆರಳ ಗೆಣ್ಣು ಹಲಗೆಗೆ ಬಡಿಯುತ್ತದೆ. ಹಾಗಾಗಿ ಹಲಗೆಯ ಅಂಚಿನಲ್ಲಿ, ಕೈ ಹೊರಗಿಟ್ಟು ಕತ್ತರಿಸುವುದನ್ನು ರೂಢಿ ಮಾಡಿಕೊಳ್ಳಿ. ಪಿಂಗಾಣಿ ತಟ್ಟೆಯ ಮೇಲೆ ಮಾತ್ರ ಬೇಡವೇ ಬೇಡ. ಪಿಂಗಾಣಿಯ ಹೊಳಪು ಪದರ ಉಕ್ಕಿಗಿಂತ ಗಟ್ಟಿ. ನಾಲ್ಕು ಸಲ ಎಳೆದರೆ ಬಾಯಿ ಮೊಂಡು.

ಕಾರ್ಬನ್ನೋ, ಸ್ಟೇನ್‌ಲೆಸ್ಸೋ

ಜಗಳ ಶುರುವಾಗುವುದೇ ಇಲ್ಲಿ. ಕಾರ್ಬನ್ ಸ್ಟೀಲ್ ಅಂದರೆ ಕಬ್ಬಿಣ, ಜೊತೆಗೆ ಸ್ವಲ್ಪ ಕಾರ್ಬನ್, ಬೇರೆ ಲೋಹ ಅಷ್ಟಕ್ಕಷ್ಟೆ. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ಕನಿಷ್ಠ ಸುಮಾರು 10.5 ಶೇಕಡಾ ಕ್ರೋಮಿಯಂ ಬೇಕು. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಅದೇ. ಗೀರು ಬಿದ್ದರೂ ಪದರ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ.

ಕಾರ್ಬನ್‌ಗೆ ಆ ಭಾಗ್ಯ ಇಲ್ಲ. ಹೊಸ ಕಾರ್ಬನ್ ಚಾಕುವಿನಲ್ಲಿ ಸೇಬು ಕೊಯ್ದು ನೋಡಿ. ಎರಡೇ ನಿಮಿಷದಲ್ಲಿ ಅಲಗಿನ ಮೇಲೆ ನೀಲಿ, ಬೂದಿ ಕಲೆ. ಸೇಬಿನ ಹೋಳಿನ ಅಂಚೂ ಕಪ್ಪಾಗುತ್ತದೆ. ಹಣ್ಣಿನ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗ ಆಗುವ ಬಣ್ಣ ಅದು. ಹಳೇ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೇ, ಟ್ಯಾನಿನ್ ಮತ್ತು ಕಬ್ಬಿಣದ ಲವಣ ಸೇರಿಸಿ. ಅಂದರೆ ನಿಮ್ಮ ತಟ್ಟೆಯಲ್ಲಿ ಒಂದು ಹನಿ ಶಾಯಿ ತಯಾರಾಯಿತು ಅನ್ನಿ! ವಿಷವೇನಲ್ಲ, ಆದರೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಈರುಳ್ಳಿ, ನಿಂಬೆ, ಟೊಮೆಟೊ ಕೊಯ್ದಾಗಲೂ ಅದೇ ಕಥೆ.

ಆದರೆ ಇದು ಮೊದಮೊದಲಿನ ತಕರಾರು ಮಾತ್ರ. ವಾರಗಟ್ಟಲೆ ಬಳಸಿ, ಪ್ರತಿ ಸಲ ಒರೆಸಿಟ್ಟರೆ ಅಲಗಿಗೆ ಸಮನಾದ ಬೂದು ಬಣ್ಣ ಕೂರುತ್ತದೆ. ಚಾಕುಪ್ರಿಯರು ಅದನ್ನು ಪಟಿನಾ ಅನ್ನುತ್ತಾರೆ. ಅದು ಕೂತ ಮೇಲೆ ಹಣ್ಣು ಕಪ್ಪಾಗುವುದೂ, ರುಚಿ ಕೆಡುವುದೂ ಬಹಳ ಕಡಿಮೆಯಾಗುತ್ತದೆ. ಕೆಂಪು ತುಕ್ಕೂ ಅಷ್ಟು ಬೇಗ ಹತ್ತುವುದಿಲ್ಲ. ಅವಸರದವರು ಅಲಗನ್ನು ವಿನಿಗರ್‌ನಲ್ಲಿ ಅದ್ದಿ, ಇಲ್ಲವೇ ಸೇಬಿನೊಳಗೆ ಚುಚ್ಚಿಟ್ಟು ಒಂದೇ ದಿನದಲ್ಲಿ ಈ ಬಣ್ಣ ತರಿಸುತ್ತಾರೆ. ನನಗೆ ಅದು ಸೇರುವುದಿಲ್ಲ. ಯಾವ ವಾರ ಏನು ತಿಂದೆ ಅನ್ನುವುದು ಅಲಗಿನ ಮೇಲೆ ತಾನಾಗಿ ಮೂಡಿದರೇ ಚೆಂದ.

ಹಾಗಾದರೆ ಕಾರ್ಬನ್ ಯಾಕೆ ಬೇಕು? ಮಸೆಯುವ ಸುಖಕ್ಕೆ. ಸಾದಾ ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಬಾಯಿ ವಾಪಸ್ಸು ಬರುತ್ತದೆ. ತೆಳುವಾದ ಕಾರ್ಬನ್ ಅಲಗು ಹಣ್ಣಾದ ಟೊಮೆಟೊದ ಸಿಪ್ಪೆಯನ್ನು ಒತ್ತದೆಯೇ ಕಚ್ಚುತ್ತದೆ. ಈಗಿನ ಒಳ್ಳೆಯ ಸ್ಟೇನ್‌ಲೆಸ್ ಕೂಡ ಹಿಂದೆ ಬಿದ್ದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 'ಸ್ಟೇನ್‌ಲೆಸ್ ಹರಿತ ನಿಲ್ಲಲ್ಲ' ಅನ್ನುವುದು ಹಳೇ ಮಾತು. ನಿಜವಾದ ವ್ಯತ್ಯಾಸ ಇರುವುದು ಊಟ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ. ಮಾತಾಡುತ್ತಾ ಕೂತು, ನಿಂಬೆರಸ ಮೆತ್ತಿದ ಚಾಕು ಹಾಗೇ ಬಿಟ್ಟರೆ ಕಾರ್ಬನ್ ಮುನಿಸಿಕೊಳ್ಳುತ್ತದೆ, ಸ್ಟೇನ್‌ಲೆಸ್ ಸುಮ್ಮನಿರುತ್ತದೆ. ನೀವು ಯಾವ ಜಾತಿಯವರು ಅಂತ ನಿಮಗೇ ಗೊತ್ತು, ಅಲ್ವಾ?

ಐದು ಚಾಕು, ಐದು ಸ್ವಭಾವ

*ಒಪಿನೆಲ್.* ಫ್ರಾನ್ಸಿನ ಸವೊಯಿ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು. ಒಂದು ಉರುಟು ಮರದ ಹಿಡಿ, ಒಂದು ಅಲಗು, ಒಂದು ರಿವೆಟ್, ಎರಡು ಲೋಹದ ಬಳೆ, ಇಷ್ಟೇ. ಅದರಲ್ಲಿ ತಿರುಗಿಸಿದರೆ ಅಲಗು ಭದ್ರವಾಗಿ ನಿಲ್ಲುವ ಹೊರಗಿನ ಬಳೆ ಬಂದದ್ದು 1955ರಲ್ಲಿ. ಅಳತೆಗಳಿಗೆ ನಂಬರ್ ಇದೆ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, 10ನೇದು ಹತ್ತು. ಕಾರ್ಬನ್, ಸ್ಟೇನ್‌ಲೆಸ್ ಎರಡರಲ್ಲೂ ಸಿಗುತ್ತದೆ.

ಊಟಕ್ಕೆ ಒಂದೇ ಒಂದು ಚಾಕು ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಅಲಗು ತೆಳು, ಎರಡೂ ಕಡೆ ಸಣ್ಣ ಉಬ್ಬು. ಆ ಉಬ್ಬಿನಿಂದಾಗಿ ಆಲೂಗಡ್ಡೆ, ಚೀಸ್ ಅಲಗಿಗೆ ಅಂಟುವುದು ಸ್ವಲ್ಪ ಕಡಿಮೆ. ಹಿಡಿ ಉರುಟಾಗಿರುವುದರಿಂದ ಸೇಬಿನ ಸಿಪ್ಪೆ ಸುತ್ತಿ ತೆಗೆಯುವಾಗ ಕೈಯಲ್ಲಿ ಹೇಗೆ ಬೇಕಾದರೂ ತಿರುಗುತ್ತದೆ. ಕೊರತೆ ಇರುವುದು ಮರದಲ್ಲಿ. ಹೆಚ್ಚಾಗಿ ಬೀಚ್ ಎಂಬ ಜಾತಿಯ ಮರದ ಹಿಡಿ. ನೀರು ಕುಡಿದರೆ ಊದಿಕೊಂಡು ಅಲಗನ್ನು ಒಳಗೇ ಹಿಡಿದುಬಿಡುತ್ತದೆ, ಉಗುರು ಮುರಿದರೂ ಬಿಡುವುದಿಲ್ಲ. ಅದಕ್ಕೂ ಸವೊಯಿಯವರದೇ ಒಂದು ಉಪಾಯ ಇದೆ. ಹಿಡಿಯ ಹಿಂತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ. ನಾನು ಒಮ್ಮೆ ಚಾಕುವನ್ನು ರಾತ್ರಿಯಿಡೀ ತೊಳೆಯುವ ಪಾತ್ರೆಗಳ ಜೊತೆ ನೀರಲ್ಲಿ ಬಿಟ್ಟೆ. ಆಮೇಲೆ ಎಷ್ಟು ಕುಟ್ಟಿದರೂ ಇಣುಕಲಿಲ್ಲ. ಮೂರು ದಿನ ನೆರಳಲ್ಲಿ ಒಣಗಿದ ಮೇಲೆ ಬಂತು. ತಪ್ಪು ಚಾಕುವಿನದಲ್ಲ, ನನ್ನದೇ.

*ಹಿಗೊನೊಕಾಮಿ.* ಜಪಾನಿನ ಮಿಕಿ ಪಟ್ಟಣದ್ದು, ಇದೂ 1890ರ ದಶಕದ ಕೂಸು. ತಗಡನ್ನು ಮಡಚಿದ ಹಿಡಿ, ಎಷ್ಟೋ ಸಲ ಹಿತ್ತಾಳೆಯದು. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಹಿಂದೆ ಒಂದು ಪುಟ್ಟ ಬಾಲ ಇರುತ್ತದೆ, ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿರುವಷ್ಟು ಹೊತ್ತು ಅಲಗು ಮಡಚಿಕೊಳ್ಳುವುದಿಲ್ಲ. ಜಪಾನಿನ ಶಾಲಾಮಕ್ಕಳು ಒಂದು ಕಾಲದಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದದ್ದು ಇದರಲ್ಲೇ.

ಇದರ ಬಾಯಿ ನೇರ, ಅಲಗಿನ ಇಳಿಜಾರು ಚಪ್ಪಟೆ. ಸೌತೆಕಾಯಿಯನ್ನು ಹಲಗೆಯ ಮೇಲಿಟ್ಟು ಬಿಲ್ಲೆ ಮಾಡಲು ಖುಷಿಯಾಗುತ್ತದೆ. ಹಿಡಿ ಬರೀ ಮಡಚಿದ ತಗಡಾದ್ದರಿಂದ ಒಳಗೆ ಕೊಳೆ ಕೂತರೂ ತೊಳೆಯುವುದು ಸಲೀಸು. ಆದರೆ ಒದ್ದೆ ಕೈಗೆ ಹಿತ್ತಾಳೆ ಜಾರುತ್ತದೆ, ಜೊತೆಗೆ ಕೈಗೆ ಹಿತ್ತಾಳೆ ವಾಸನೆ. ಚೀಸ್ ತಿನ್ನುವಾಗ ಬೆರಳಿಂದ ಆ ವಾಸನೆ ಬಂದರೆ ನನಗೆ ಊಟವೇ ಅರ್ಧ ಕೆಟ್ಟಂತೆ. ಅಲಗೂ ಸಾಮಾನ್ಯವಾಗಿ ಕಾರ್ಬನ್. ಒರೆಸುವ ಜನಕ್ಕೆ ಮಾತ್ರ.

*ಲಾಗ್ಯೋಲ್.* ಫ್ರಾನ್ಸಿನ ಅವೆರೋನ್ ಸೀಮೆಯ ಹಳ್ಳಿಯ ಹೆಸರಿನ ಚಾಕು, ಆ ಊರಿನವರ ಬಾಯಲ್ಲಿ 'ಲಾಯೋಲ್'. ಬೆನ್ನಿನ ಮೇಲೆ ಜೇನುನೊಣದ ಗುರುತು, ಸಣ್ಣ ನಡುವಿನ ಹಿಡಿ, ಉದ್ದನೆ ಚೂಪು ಅಲಗು. ಊಟದ ಮೇಜಿನ ಮೇಲೆ ಇದರಷ್ಟು ಅಂದವಾಗಿ ಕಾಣುವ ಚಾಕು ಇನ್ನೊಂದಿಲ್ಲ. ಚೂಪು ತುದಿ ಚೀಸಿನ ಹೋಳನ್ನು ಚುಚ್ಚಿ ಎತ್ತಲು ಹೇಳಿ ಮಾಡಿಸಿದಂತಿದೆ. ಎತ್ತಿ ತಟ್ಟೆಗೆ ಇಟ್ಟುಕೊಳ್ಳಿ, ನೇರ ಬಾಯಿಗೆ ಬೇಡ.

ಕೊಳ್ಳುವಾಗ ಮಾತ್ರ ಹುಷಾರು. ಈ ಹೆಸರು ಬಹುಕಾಲ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಹಳ್ಳಿಯಲ್ಲಿ, ತಿಯೆರ್ ಪಟ್ಟಣದಲ್ಲಿ ಕೈಯಿಂದ ಜೋಡಿಸಿದ ಉತ್ತಮ ಚಾಕುವಿಗೂ ಅದೇ ಹೆಸರು, ಇನ್ನೆಲ್ಲೋ ರಾಶಿ ರಾಶಿ ತಯಾರಾದದ್ದಕ್ಕೂ ಅದೇ ಹೆಸರು. ಜೇನುನೊಣ ನೋಡಿ ಮರುಳಾಗಬೇಡಿ. ತೆರೆದಾಗ ಅಲಗು ಅಲುಗಾಡುತ್ತದೆಯೇ, ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರುತ್ತದೆಯೇ, ಸ್ಪ್ರಿಂಗ್ ಮತ್ತು ಹಿಡಿಯ ನಡುವೆ ಬೆಳಕು ಕಾಣುತ್ತದೆಯೇ, ಇವನ್ನು ನೋಡಿ. ಮಡಚುವಾಗ 'ಟಪ್' ಅಂತ ಬಿಡಬೇಡಿ, ಕೈಯಲ್ಲಿ ಹಿಡಿದು ಇಳಿಸಿ. ಹಲವು ಚಾಕುಗಳಲ್ಲಿ ಹಾಗೆ ಬಿಟ್ಟರೆ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗಿ ಮೊಂಡಾಗುತ್ತದೆ. ಕೊಂಬಿನ ಹಿಡಿಯದಾದರೆ ನೀರಲ್ಲಿ ನೆನೆಹಾಕುವ ಮಾತೇ ಇಲ್ಲ.

*ಸ್ವಿಸ್ ಸೈನಿಕರ ಚಾಕು.* ಇದರ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೇನೆಗೆ ತಮ್ಮ ಮೊದಲ ಚಾಕುಗಳನ್ನು ಕೊಟ್ಟರು, ಕೆಂಪು ಹಿಡಿಯ ಇಂದಿನ ಚಾಕುವಿನ ಮೂಲ ರೂಪ ಬಂದದ್ದು 1897ರಲ್ಲಿ. ಅವರ ಕಂಪನಿಯ 'ವಿಕ್ಟೋರಿನಾಕ್ಸ್' ಹೆಸರಿನ ಕೊನೆಯ ತುಂಡು, ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚಿನಲ್ಲಿರುವ ಮಾತಿನಿಂದಲೇ ಬಂದದ್ದು. ಮಡಚಿದಾಗ 91 ಮಿಲಿಮೀಟರ್ ಇರುವ ಮಾದರಿಯ ದೊಡ್ಡ ಅಲಗು ಸುಮಾರು ಏಳು ಸೆಂಟಿಮೀಟರ್, ತೆಳುವಾಗಿಯೇ ಇದೆ, ಚೆನ್ನಾಗಿಯೇ ಕತ್ತರಿಸುತ್ತದೆ. ಡಬ್ಬಿ ತೆರೆಯುವುದು, ಬಾಟಲಿ ಮುಚ್ಚಳ ತೆಗೆಯುವುದು ಪುಕ್ಕಟೆ. ಮರೆಯುವ ಜನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಆದರೂ ಊಟಕ್ಕೆ ಕೂತಾಗ ನನ್ನ ಕೈ ಇದರ ಕಡೆ ಹೋಗುವುದಿಲ್ಲ. ನಾಲ್ಕೈದು ಉಪಕರಣಗಳ ನಡುವಿನ ಸಂದಿಯಲ್ಲಿ ಮೆತ್ತನೆ ಚೀಸ್ ಹೊಕ್ಕಿತೆಂದರೆ ತೆಗೆಯುವುದು ರಾಮಾಯಣ. ಪ್ರಯಾಣಕ್ಕೆ ಇದು, ಮನೆಗೆ ಬೇರೆ.

*ಅಮೆರಿಕದ ಸ್ಲಿಪ್‌ಜಾಯಿಂಟ್‌ಗಳು.* ಇದು ಒಂದು ಚಾಕುವಲ್ಲ, ದೊಡ್ಡ ಕುಟುಂಬ. ಸ್ಪ್ರಿಂಗಿನ ಒತ್ತಡದಲ್ಲೇ ಅಲಗು ನಿಲ್ಲುತ್ತದೆ, ಲಾಕ್ ಇರುವುದಿಲ್ಲ. ಇವುಗಳಲ್ಲಿ ಊಟಕ್ಕೆ ನಾನು ಎರಡನ್ನು ಆರಿಸುತ್ತೇನೆ. ಒಂದು 'ಸಾಡ್‌ಬಸ್ಟರ್'. ರೈತರ ಚಾಕು, ಒಂದೇ ಅಗಲ ಅಲಗು, ಒಡವೆ ಒಪ್ಪ ಏನೂ ಇಲ್ಲ. ಬೆಣ್ಣೆ ಹಚ್ಚಲು ಅಗಲ ಅಲಗು ಅನುಕೂಲ. ಇನ್ನೊಂದು 'ಸ್ಟಾಕ್‌ಮನ್', ದನ ಕಾಯುವವರದು. ಮೂರು ಅಲಗು. ಅದರಲ್ಲಿ ಒಂದರ ತುದಿ ಗುಂಡಗೆ, ಮೊಂಡು. ದನಕರುಗಳ ಬೀಜ ಒಡೆಯುವ ಕೆಲಸಕ್ಕೆಂದು ಮಾಡಿದ ಅಲಗು ಅದು. ಈಗ ಬ್ರೆಡ್ಡಿಗೆ ಬೆಣ್ಣೆ, ಜಾಮ್ ಹಚ್ಚಲು ಅದಕ್ಕಿಂತ ಚೆನ್ನಾದದ್ದು ಇಲ್ಲ. ಊಟದ ಮಧ್ಯೆ ಅದರ ಹಿನ್ನೆಲೆ ಹೇಳದಿದ್ದರಾಯಿತು.

ಮೂರು ಅಲಗಿನ ಚಾಕು ಕೊಂಡರೆ ಒಂದು ಅಲಗನ್ನು ಊಟಕ್ಕೆಂದೇ ಮೀಸಲಿಡಿ. ಹಗ್ಗ, ರಟ್ಟು, ಅಂಟುಪಟ್ಟಿ ಎಲ್ಲ ಇನ್ನೊಂದಕ್ಕೆ. ಇದು ಈ ಮಾದರಿಯ ದೊಡ್ಡ ಲಾಭ. ಒಂಟಿ ಅಲಗಿನ ಚಾಕುವಿನಲ್ಲಿ ಬೆಳಿಗ್ಗೆ ಪಾರ್ಸೆಲ್ ಬಿಚ್ಚಿ ಮಧ್ಯಾಹ್ನ ಸೇಬು ಕೊಯ್ಯುವವರನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಲಾಕ್ ಬೇಕೇ?

ಊಟಕ್ಕೆ ಬೇಡ. ಕತ್ತರಿಸುವಾಗ ಒತ್ತಡ ಬಾಯಿಯ ಕಡೆಯಿಂದ ಬರುತ್ತದೆ, ಅದು ಅಲಗನ್ನು ತೆರೆದ ಸ್ಥಿತಿಗೇ ತಳ್ಳುತ್ತದೆ. ಅಲಗು ಮಡಚಿಕೊಳ್ಳುವುದು ಚುಚ್ಚಿದಾಗ, ಮೀಟಿದಾಗ, ಬೆನ್ನಿನ ಮೇಲೆ ಏಟು ಬಿದ್ದಾಗ. ತೆಂಗಿನ ಚಿಪ್ಪಿನಿಂದ ಕಾಯಿ ಮೀಟುವುದು, ಗಟ್ಟಿ ಚೀಸ್ ಮಧ್ಯೆ ಚುಚ್ಚಿ ತಿರುಗಿಸುವುದು, ಇಂಥದ್ದು ಲಾಕ್ ಇಲ್ಲದ ಚಾಕುವಿನಲ್ಲಿ ಮಾಡಬೇಡಿ. ಮಕ್ಕಳ ಕೈಗೆ ಕಲಿಸಲು ಕೊಡುವುದಾದರೆ ಮಾತ್ರ ಬಳೆಯ ಲಾಕ್ ಇರುವುದೇ ಇರಲಿ.

ಜೇಬಿನಲ್ಲಿ ಇಟ್ಟು ಹೊರಗೆ ಹೋಗುವುದಾದರೆ ಆ ದೇಶದ ಕಾನೂನು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಕಾರಣ ಕೇಳದೆ ಬಿಡುವುದು ಲಾಕ್ ಇಲ್ಲದ, ಮೂರು ಇಂಚಿಗಿಂತ ಅಂದರೆ 7.62 ಸೆಂಟಿಮೀಟರಿಗಿಂತ ಉದ್ದವಿಲ್ಲದ ಬಾಯಿಯ ಮಡಚುವ ಚಾಕುವನ್ನು ಮಾತ್ರ. ಬಳೆಯ ಒಪಿನೆಲ್ ಅಲ್ಲಿ ಮನೆಯಲ್ಲೇ ಇರಬೇಕು. ವಿಮಾನದಲ್ಲಂತೂ ಯಾವ ಚಾಕುವನ್ನೂ ಕೈಚೀಲದಲ್ಲಿ ಇಡಬೇಡಿ.

ತೊಳೆಯುವಾಗ

ಮಡಚುವ ಚಾಕುವಿನ ನಿಜವಾದ ಪರೀಕ್ಷೆ ತೊಳೆಯುವಾಗ. ಅಲಗು ಒರೆಸುವುದು ಸುಲಭ, ಅಲಗು ಮಡಚಿ ಕೂರುವ ಸಂದಿ ಕಷ್ಟ. ಬ್ರೆಡ್ಡಿನ ಪುಡಿ, ಹಣ್ಣಿನ ರಸ ಅಲ್ಲೇ ಸೇರುವುದು. ರಸ ಒಣಗಿದರೆ ಅಂಟಾಗಿ, ಮುಂದಿನ ಸಲ ಅಲಗು ತೆರೆಯಲು ಒದ್ದಾಡಬೇಕು. ಹಾಗಾಗಿ ಕೊಳ್ಳುವಾಗಲೇ ಅಲಗು ತೆರೆದು ಸಂದಿಯೊಳಗೆ ಬಟ್ಟೆಯ ತುದಿ ಹೋಗುತ್ತದೆಯೇ ನೋಡಿ. ಹಿಗೊನೊಕಾಮಿ ಇದರಲ್ಲಿ ಮೊದಲು. ಒಪಿನೆಲ್ಲಿನ ಸಂದಿ ಮರದ್ದು, ಒದ್ದೆ ಬಟ್ಟೆ ಸಾಕು, ನೀರು ಸುರಿಯಬಾರದು. ಸ್ವಿಸ್ ಚಾಕುವನ್ನು ಬೆಚ್ಚಗಿನ ನೀರಲ್ಲಿ ಆಡಿಸಿ, ತೆರೆದು ಮಡಚಿ, ಒಣಗಿಸಿ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ.

ಎಣ್ಣೆ ಅಂದೆನಲ್ಲ, ಅಡುಗೆ ಎಣ್ಣೆ ಬೇಡ. ಕೆಲವು ವಾರದಲ್ಲಿ ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಯಂತ್ರಕ್ಕೆ ಹಾಕುವ ಎಣ್ಣೆ ತಿನ್ನುವ ಚಾಕುವಿಗೆ ಸಲ್ಲ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಆಯಿಲ್ ಸಿಗುತ್ತದೆ, ಅದೇ ಸರಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಯಾವುದನ್ನೂ ಹಾಕಬೇಡಿ. ಹಸಿ ಮಾಂಸಕ್ಕೂ ಮಡಚುವ ಚಾಕು ಬೇಡ, ಸಂದಿಗೆ ಹೋದದ್ದನ್ನು ಪೂರ್ತಿ ತೆಗೆದೆ ಅಂತ ಹೇಳಲು ಆಗುವುದೇ ಇಲ್ಲ.

ನಿಮ್ಮ ತಟ್ಟೆಯಲ್ಲಿ ಏನಿದೆ?

ಹಣ್ಣು ಜಾಸ್ತಿ ತಿನ್ನುವವರಾದರೆ ತೆಳು ಸ್ಟೇನ್‌ಲೆಸ್, 8ನೇ ನಂಬರಿನ ಒಪಿನೆಲ್ ಥರದ್ದು. ಹುಳಿ ಹಣ್ಣಿಗೆ ಕಾರ್ಬನ್ ಆಗದು ಅಂತಲ್ಲ, ದಿನಾ ಆ ಉಪಚಾರ ಯಾಕೆ? ಬ್ರೆಡ್ ಮತ್ತು ಗಟ್ಟಿ ಚೀಸ್ ಮುಖ್ಯವಾದರೆ ಕಾರ್ಬನ್, ಉದ್ದ ಸ್ವಲ್ಪ ಜಾಸ್ತಿ. ಬ್ರೆಡ್ಡಿನ ಗಟ್ಟಿ ಹೊರಪದರಕ್ಕೆ ನುಣುಪು ಬಾಯಿಯ ಯಾವ ಸಣ್ಣ ಚಾಕುವೂ ಸಾಟಿಯಲ್ಲ. ತುದಿಯಿಂದ ಮೊದಲು ಗೀರಿ, ಆಮೇಲೆ ಒತ್ತದೆ ಉದ್ದಕ್ಕೆ ಎಳೆಯಬೇಕು. ಬೆಣ್ಣೆ, ಜಾಮ್, ಬೇಯಿಸಿದ ಆಲೂಗಡ್ಡೆ ಇಷ್ಟಪಡುವವರಿಗೆ ಅಗಲ ಅಲಗಿನ ಸಾಡ್‌ಬಸ್ಟರ್. ಬೇಯಿಸಿದ ಮೊಟ್ಟೆಗೆ ಮಾತ್ರ ಇವುಗಳಲ್ಲಿ ಯಾವುದೂ ಬೇಡ. ಹಳದಿ ಅಲಗಿಗೆ ಮೆತ್ತಿ ಬಿಡಿಸಿಕೊಂಡು ಬರುತ್ತದೆ. ಹೊಲಿಗೆಯ ದಾರ ಒಂದಿದ್ದರೆ ಮೊಟ್ಟೆ ಚೊಕ್ಕವಾಗಿ ಎರಡಾಗುತ್ತದೆ.

ಎರಡು ಚಾಕುಗಳ ನಡುವೆ ಇನ್ನೂ ತೀರ್ಮಾನವಾಗದಿದ್ದರೆ ತೆಳುವಾದದ್ದನ್ನೇ ತನ್ನಿ. ತಂದ ದಿನ ಸಂಜೆ ಒಂದು ಸೇಬು ತೆಗೆದುಕೊಳ್ಳಿ, ಮಧ್ಯಕ್ಕೆ ಅಲಗಿಟ್ಟು ನಿಧಾನ ಇಳಿಸಿ. 'ಚಟ್' ಅಂದರೆ ಬಾಯಿಯ ಹಿಂದಿನ ಭಾಗ ದಪ್ಪ ಇದೆ ಅಂತ ಅರ್ಥ. ವಾಪಸ್ಸು ಮಾಡಲೇಬೇಕು ಅಂತಿಲ್ಲ. ಸಾಣೆಕಲ್ಲಿನ ಮೇಲೆ ಅಲಗನ್ನು ಮಾಮೂಲಿಗಿಂತ ಮಲಗಿಸಿ ಹಿಡಿದು, ಎರಡೂ ಕಡೆ ಸಮನಾಗಿ, ಒಂದೆರಡು ಸಂಜೆ ಉಜ್ಜಿ. ಹೊಳಪು ಹೋಗಿ ಗೀರು ಬೀಳುತ್ತದೆ, ಬೀಳಲಿ. ಮತ್ತೆ ಸೇಬು ಕೊಯ್ದು ನೋಡಿ.